ಗುಬ್ಬಿಯಮ್ಮನ ಫೈಲಿನಲ್ಲಿ ನಾನು ಬರೆದ ಸಾಲು

ಈ ಕೆಲಸಕ್ಕೆ ಹೊಸದಾಗಿ ಸೇರುವ ಹುಡುಗ ಹುಡುಗಿಯರು ಆಗಾಗ ನನ್ನ ಮನೆಗೆ ಬರುತ್ತಾರೆ. ನಿಮ್ಮ ಅನುಭವ ಹೇಳಿ ಸಾರ್ ಎನ್ನುತ್ತಾರೆ. ನಾನು ಹೇಳಲು ಶುರು ಮಾಡಿದ ಹತ್ತು ನಿಮಿಷಕ್ಕೆ ಅವರ ಕಣ್ಣು ಮೊಬೈಲ್ ಕಡೆ ಹೋಗುತ್ತದೆ. ಅದಕ್ಕೇ ಬರೆದೇ ಬಿಡೋಣ ಎಂದು ಕೂತಿದ್ದೇನೆ. ನೀವು ಆಕಳಿಸಿದರೂ ನನಗೆ ಕಾಣುವುದಿಲ್ಲ.

ನನಗೆ ಯಾವಾಗ ಬಡ್ತಿ ಸಿಕ್ಕಿತು, ಯಾರು ಶಾಲು ಹೊದಿಸಿದರು ಎಂಬುದೆಲ್ಲ ಇಲ್ಲಿಲ್ಲ. ಆ ಶಾಲುಗಳನ್ನು ನನ್ನ ಹೆಂಡತಿ ಟಿ.ವಿ. ಮೇಲೆ ಧೂಳು ಕೂರದಂತೆ ಹೊದಿಸಿದ್ದಾಳೆ. ಇಲ್ಲಿ ಬರೆಯುತ್ತಿರುವುದು ಮುಖ್ಯವಾಗಿ ನಾನು ಮಾಡಿದ ಒಂದು ತಪ್ಪಿನ ವಿಚಾರ. ಅದಕ್ಕೆ ಮೊದಲು ಒಂದೆರಡು ಸಣ್ಣ ಸಂಗತಿ ಹೇಳಬೇಕು, ಇಲ್ಲದಿದ್ದರೆ ಆ ತಪ್ಪು ಹೇಗೆ ಆಯಿತು ಎನ್ನುವುದು ನಿಮಗೆ ತಿಳಿಯುವುದಿಲ್ಲ.

ತೊಂಬತ್ತರ ದಶಕದಲ್ಲಿ ತುಮಕೂರಿನಲ್ಲಿ ನಮ್ಮದೊಂದು ಸಣ್ಣ ಸಂಸ್ಥೆ ಇತ್ತು. ಬೀದಿಯಲ್ಲಿ ಬದುಕುವ ಮನೋರೋಗಿಗಳನ್ನೂ ಕುಡಿದು ಕುಡಿದು ಮನೆ ಕಳೆದುಕೊಂಡವರನ್ನೂ ಕರೆತಂದು ನೋಡಿಕೊಳ್ಳುವುದು ಕೆಲಸ. ಕಟ್ಟಡ ಹಿಂದೆ ಅಕ್ಕಿ ಗಿರಣಿಯಾಗಿತ್ತು. ಒಂದು ಕಡೆ ಹೆಂಗಸರ ವಾರ್ಡು, ಇನ್ನೊಂದು ಕಡೆ ಗಂಡಸರದು, ನಡುವೆ ಮೇಲ್ವಿಚಾರಕನಾದ ನನ್ನ ಮೇಜು. ಮಳೆ ಬಂದರೆ ಗೋಡೆಯಿಂದ ತೌಡಿನ ವಾಸನೆ ಬರುತ್ತಿತ್ತು. ವಾರಕ್ಕೊಮ್ಮೆ, ಗುರುವಾರ, ಬೆಂಗಳೂರಿನಿಂದ ಒಬ್ಬ ಲೇಡಿ ಡಾಕ್ಟರ್ ಬರುತ್ತಿದ್ದರು. ಉಳಿದ ಆರು ದಿನ ನಾನೇ ದೊಡ್ಡವನು. ಅರ್ಧ ತಿಳಿದವನನ್ನು ಆರು ದಿನ ದೊಡ್ಡವನನ್ನಾಗಿ ಬಿಟ್ಟರೆ ಏನಾಗುತ್ತದೋ ಅದೇ ಆಯಿತು.

ಆ ಡಾಕ್ಟರು ಕಡಿಮೆ ಮಾತಿನವರು, ಆಡಿದರೆ ಚುಚ್ಚುವವರು. ತುಮಕೂರು ಬಸ್ ಸ್ಟ್ಯಾಂಡಿನ ಹಿಂದೆ ಬಾಷಾ ಸಾಬರ ಟೀ ಅಂಗಡಿ ಇತ್ತು. ಅದರ ಪಕ್ಕದ ಮೆಟ್ಟಿಲ ಕೆಳಗೆ ಒಬ್ಬ ಮನುಷ್ಯ ವರ್ಷಗಟ್ಟಲೆಯಿಂದ ಕೂತಿದ್ದ. ನಾವು ಮಾತ್ರೆ ಕೊಟ್ಟರೆ ಉಗುಳುತ್ತಿದ್ದ. ಬಾಷಾ ಸಾಬರು ಬನ್ನು ಕೊಟ್ಟರೆ ಮಾತ್ರ ತಿನ್ನುತ್ತಿದ್ದ. ನಾನು ಮಹಾ ಜಾಣನಂತೆ ಬನ್ನಿನ ಒಳಗೆ ಮಾತ್ರೆ ಅಡಗಿಸುವ ಏರ್ಪಾಟು ಮಾಡಿ ಗುರುವಾರ ಡಾಕ್ಟರಿಗೆ ಹೆಮ್ಮೆಯಿಂದ ಹೇಳಿದೆ. ಅವರು, ಒಂದು ದಿನ ಅವನಿಗೆ ಗೊತ್ತಾದರೆ ಬನ್ನನ್ನೂ ಬಿಡುತ್ತಾನೆ, ಬಾಷಾ ಸಾಬರನ್ನೂ ಬಿಡುತ್ತಾನೆ, ಬನ್ನಿನ ಪಕ್ಕದಲ್ಲಿಟ್ಟು ಹೇಳಿ ಕೊಡಿ ಎಂದರು. ಬಾಷಾ ಸಾಬರು ಹಾಗೇ ಮಾಡಿದರು. ಎಂಟನೇ ದಿನ ಅವನು ಬನ್ನು ತಿಂದು, ಮಾತ್ರೆಯನ್ನು ಟೀ ಜೊತೆ ನುಂಗಿದ. ನಾಲ್ಕು ವರ್ಷ ಓದಿ ನಾನು ಕಲಿಯದ್ದನ್ನು ಟೀ ಅಂಗಡಿಯವರು ಎಂಟು ದಿನದಲ್ಲಿ ಮಾಡಿ ತೋರಿಸಿದರು.

ಇನ್ನೊಬ್ಬ ಆಸಾಮಿ ನನಗೆ ಬೇರೆ ಪಾಠ ಕಲಿಸಿದ. ತನ್ನೂರು ಹಾಗಲವಾಡಿ, ಅಲ್ಲಿ ಅಣ್ಣ ಇದ್ದಾನೆ, ಹೆಂಚಿನ ಮನೆ ಇದೆ ಎಂದು ಪಟಪಟ ಹೇಳಿದ. ಜೀಪಿನಲ್ಲಿ ಕರೆದುಕೊಂಡು ಹೋದೆವು. ಹಾಗಲವಾಡಿಯಲ್ಲಿ ಒಂದು ನರಪಿಳ್ಳೆಗೂ ಅವನ ಗುರುತಿರಲಿಲ್ಲ. ಸಂಜೆ ವಾಪಸ್ಸು ಬರುವಾಗ ಚೇಳೂರಿನಲ್ಲಿ ಜೀಪು ನಿಲ್ಲಿಸು ಎಂದ, ಇಳಿದ, ನೆಟ್ಟಗೆ ಒಂದು ಮನೆಗೆ ಹೋಗಿ ಕೂತ. ಅದೇ ಅವನ ಮನೆ. ಮತ್ತೆ ಹಾಗಲವಾಡಿ ಯಾಕೆ ಎಂದರೆ, ಚೇಳೂರು ಅಂದಿದ್ರೆ ಇಷ್ಟು ದೂರ ಜೀಪಲ್ಲಿ ಸುತ್ತುಸ್ತಿದ್ರಾ ಎಂದ. ಎಲ್ಲರೂ ನಕ್ಕರು. ನಾನು ಮಾತ್ರ ಅವಮಾನವಾಯಿತು ಎಂದುಕೊಂಡೆ. ರೋಗಿಗಳ ಮಾತು ನಂಬಬಾರದು, ಕಣ್ಣಿಗೆ ಕಂಡದ್ದನ್ನು ಬರೆದುಕೊಂಡು ಅದರ ಮೇಲೆ ನಡೆಯಬೇಕು ಎಂದು ಅವತ್ತು ತೀರ್ಮಾನ ಮಾಡಿದೆ. ಕಲಿಯಬೇಕಾದ್ದು ಅದಲ್ಲ ಎಂದು ಗೊತ್ತಾಗಲು ಒಬ್ಬ ಹೆಂಗಸು ಬರಬೇಕಾಯಿತು.

ಅವಳು ಸಿಕ್ಕಿದ್ದು ಗುಬ್ಬಿ ರೈಲ್ವೆ ಸ್ಟೇಷನ್ನಿನಲ್ಲಿ, ನೀರಿನ ನಲ್ಲಿಯ ಹತ್ತಿರ. ಮೂವತ್ತರ ಆಸುಪಾಸು. ನಾಲ್ಕೈದು ದಿನದಿಂದ ಅಲ್ಲೇ ಕೂತು ತನ್ನಷ್ಟಕ್ಕೆ ಮಾತಾಡುತ್ತಿದ್ದಾಳೆ, ಯಾರಾದರೂ ಹತ್ತಿರ ಬಂದರೆ ಕಲ್ಲು ಎತ್ತುತ್ತಾಳೆ ಎಂದು ಸ್ಟೇಷನ್ನಿನವರು ಫೋನ್ ಮಾಡಿದ್ದರು. ನಾನೂ ನಮ್ಮ ಆಯಾ ಲಕ್ಷ್ಮಮ್ಮನೂ ಹೋಗಿ ಅರ್ಧ ದಿನ ಕೂತು ಕರೆತಂದೆವು. ಹೆಸರು ಹೇಳಲಿಲ್ಲ. ಹೆಸರು ಹೇಳದವರನ್ನು ನಾವು ಸಿಕ್ಕಿದ ಊರಿನಿಂದ ಕರೆಯುತ್ತಿದ್ದೆವು. ಹಾಗೆ ಅವಳು ಗುಬ್ಬಿಯಮ್ಮ ಆದಳು, ಆಮೇಲೆ ಹೆಸರನ್ನು ಯಾರೂ ಮತ್ತೆ ಕೇಳಲಿಲ್ಲ.

ನಮ್ಮಲ್ಲಿ ಒಂದು ನಿಯಮವಿತ್ತು. ವಾರ್ಡಿಗೆ ಸೇರಿದ ದಿನವೇ ಸ್ನಾನ, ಬೇರೆ ಬಟ್ಟೆ. ಮೈಮೇಲೆ ಚುಚ್ಚುವಂಥದ್ದು, ಬಿಗಿಯುವಂಥದ್ದು ಏನೂ ಇರಬಾರದು. ಪಿನ್ನು, ದಾರ, ಸರ, ಗಾಜಿನ ಬಳೆ ಎಲ್ಲ ತೆಗೆಯಬೇಕು. ಹಿಂದೊಮ್ಮೆ ಒಬ್ಬ ಹುಡುಗಿ ಬಳೆಯ ಚೂರಿನಿಂದ ಕೈ ಕೊಯ್ದುಕೊಂಡಿದ್ದಳು, ಆ ಮೇಲೆ ಬಂದ ನಿಯಮ. ತಪ್ಪು ನಿಯಮವೇನಲ್ಲ. ಬೀದಿಯಿಂದ ಬರುವ ಹೆಂಗಸರ ಕೈಯಲ್ಲಿ ಬಳೆ ಇರುವುದೇ ಅಪರೂಪವಾದ್ದರಿಂದ ನಮಗೆ ಅದರ ತೊಡಕು ಕಂಡಿರಲಿಲ್ಲ. ಈಕೆಯ ಎರಡೂ ಕೈ ತುಂಬ ಹಸಿರು ಗಾಜಿನ ಬಳೆ. ಕೊರಳಲ್ಲಿ ಕರಿಮಣಿ, ಕಾಲಲ್ಲಿ ಉಂಗುರ. ಕೈ ಊದಿಕೊಂಡು ಬಳೆ ಕಳಚಲು ಬರುತ್ತಿರಲಿಲ್ಲ. ಒಡೆಯಬೇಕಿತ್ತು.

ಲಕ್ಷ್ಮಮ್ಮ ಬಾಗಿಲಿಗೆ ಬಂದು ನಿಂತಳು. ಅವಳಿಗೆ ಓದು ಬರಹ ಬರುತ್ತಿರಲಿಲ್ಲ, ನನಗಿಂತ ಎರಡು ಪಟ್ಟು ವರ್ಷ ಆಸ್ಪತ್ರೆ ಕೆಲಸ ಮಾಡಿದ್ದಳು.

"ಮುತ್ತೈದೆ ಕೈ ಹಂಗೆ ಬರಿದು ಮಾಡ್ಬಾರ್ದು ಸಾರ್. ಗುರುವಾರ ಡಾಕ್ಟ್ರಮ್ಮ ಬರಲಿ, ಕೇಳಣ" ಎಂದಳು.

ನಿನ್ನ ಶಾಸ್ತ್ರ ಎಲ್ಲ ಮನೆಯಲ್ಲಿಟ್ಟು ಬಾ, ಇಲ್ಲಿ ನಡೆಯುವುದು ರೂಲ್ಸು ಎಂದು ರೇಗಿದೆ. ನನಗೆ ಆಗ ಸಿಟ್ಟು ಮೂಗಿನ ತುದಿಯಲ್ಲಿತ್ತು. ಅವಳು ಒಳಗೆ ಹೋದಳು. ಬಚ್ಚಲಿನಿಂದ ಗಾಜು ಒಡೆಯುವ ಸದ್ದು, ಅದರ ಹಿಂದೆಯೇ ಒಂದು ಕೂಗು ಕೇಳಿತು. ಹುಚ್ಚಿನ ಕೂಗು ಎಂದುಕೊಂಡು ನಾನು ರಿಜಿಸ್ಟರ್ ತುಂಬಿಸುತ್ತ ಕೂತಿದ್ದೆ.

ಮೂರನೇ ದಿನ ಅವಳನ್ನು ಕೂರಿಸಿಕೊಂಡು ಫಾರಂ ತುಂಬಿದೆ. ಊರು ಕೇಳಿದರೆ ಮುಖ ತಿರುಗಿಸಿದಳು. ಗಂಡನ ಹೆಸರು ಕೇಳಿದರೆ ಬಾಯಿಗೆ ಸೆರಗು. ನಮ್ಮ ಕಡೆ ಆ ಕಾಲದ ಹೆಂಗಸರು ಗಂಡನ ಹೆಸರು ಹೇಳುತ್ತಿರಲಿಲ್ಲ. ಗಂಡ ಇದ್ದಾನಾ ಎಂದು ಕೇಳಿದೆ. ಬಹಳ ಹೊತ್ತು ತನ್ನ ಕೈ ನೋಡಿಕೊಂಡಳು. ಹೋದ್ರು ಎಂದಳು. ನಾನು ವಿಧವೆ ಎಂದು ಬರೆದೆ. ಕೈ ಬರಿದು, ಕೊರಳು ಬರಿದು, ಹಣೆ ಬರಿದು, ಬಾಯಲ್ಲೂ ಅದೇ ಮಾತು. ಕಣ್ಣಿಗೆ ಕಂಡದ್ದನ್ನು ಬರೆಯಬೇಕು ಎಂದು ತೀರ್ಮಾನ ಮಾಡಿದವನಲ್ಲವೇ ನಾನು. ಆ ಕೈಯನ್ನು ಬರಿದು ಮಾಡಿಸಿದವನೇ ನಾನು ಎನ್ನುವುದು ತಲೆಗೆ ಹೊಳೆಯಲಿಲ್ಲ.

ಆ ದಿನದಿಂದ ಅವಳು ಮೂಲೆಯಲ್ಲಿ ಕೂತು ಹಾಡಿಕೊಂಡು ಅಳುತ್ತಿದ್ದಳು. ಸತ್ತವರ ಗುಣ ಹೇಳಿಕೊಂಡು ಅಳುತ್ತಾರಲ್ಲ, ಹಾಗೆ. ಗಾರೆ ಕೆಲಸದ ಕೈ, ಸುಣ್ಣ ತಿಂದ ಬೆರಳು, ಕುಡಿದರೂ ಕೈ ಎತ್ತದವನು ಎಂದೆಲ್ಲ. ನಾನು ಆ ಕಡೆ ಹೋದರೆ ಎದ್ದು ಬಂದು, ಎಂಗೆ ಸತ್ರು, ನಿಮ್ಗೆ ಗೊತ್ತು, ಹೇಳಿ ಎಂದು ದಾರಿಗೆ ಅಡ್ಡ ನಿಲ್ಲುತ್ತಿದ್ದಳು. ಫೈಲಿನಲ್ಲಿ ನಾನು ದುಂಡಗಿನ ಅಕ್ಷರದಲ್ಲಿ ಬರೆದ ಸಾಲು ಇದು: ಗಂಡನ ಸಾವಿನ ವಿಷಯವನ್ನು ಸಿಬ್ಬಂದಿ ಮುಚ್ಚಿಟ್ಟಿದ್ದಾರೆ ಎಂಬ ಭ್ರಮೆ. ಗುರುವಾರ ಡಾಕ್ಟರು ಅದನ್ನು ಓದಿ ಮಾತ್ರೆ ಹೆಚ್ಚಿಸಿದರು. ಒಂದು ಗುರುವಾರದಲ್ಲಿ ಎಂಬತ್ತು ಫೈಲು ನೋಡುವವರು ನನ್ನ ಅಕ್ಷರವನ್ನು ನಂಬದೆ ಇನ್ನೇನು ಮಾಡುತ್ತಾರೆ?

ಎರಡು ತಿಂಗಳಾದ ಮೇಲೆ ಒಂದು ಮಧ್ಯಾಹ್ನ ಗೇಟಿನ ಹತ್ತಿರ ಒಬ್ಬ ಮನುಷ್ಯ ಬಂದ. ಕಾಲು ನೆಟ್ಟಗೆ ನಿಲ್ಲುತ್ತಿರಲಿಲ್ಲ, ಸಾರಾಯಿ ವಾಸನೆ ನನ್ನ ಮೇಜಿನ ತನಕ ಹೊಡೆಯುತ್ತಿತ್ತು. ಹೆಂಡತಿ ಕಳೆದುಹೋಗಿದ್ದಾಳೆ, ಹೆಸರು ಜಯಮ್ಮ, ಮೂವತ್ತು ವರ್ಷ, ಎರಡೂ ಕೈಗೆ ಹಸಿರು ಬಳೆ ಹಾಕಿದ್ದಾಳೆ, ತಲೆ ಸರಿ ಇಲ್ಲ, ಇಲ್ಲಿ ಇದ್ದಾಳಾ ಎಂದು ತೊದಲಿದ. ಕುಡಿದು ಬಂದವರನ್ನು ಹೆಂಗಸರ ವಾರ್ಡಿಗೆ ಬಿಡುವಂತಿಲ್ಲ. ಅಷ್ಟಕ್ಕೇ ನಿಲ್ಲಿಸಿ, ನಾಳೆ ಕುಡಿಯದೆ ಬಾ ಎಂದಿದ್ದರೆ ಸಾಕಿತ್ತು. ನಾನು ರಿಜಿಸ್ಟರ್ ತಿರುವಿದೆ. ಜಯಮ್ಮ ಎಂಬ ಹೆಸರಿಲ್ಲ. ಆ ವಯಸ್ಸಿನವಳು ಒಬ್ಬಳೇ, ಅವಳು ವಿಧವೆ. ನಿನ್ನ ಹೆಂಡತಿ ಇಲ್ಲಿಲ್ಲ, ಇಲ್ಲಿರುವವಳು ಗಂಡ ಸತ್ತವಳು ಎಂದೆ. ಅವನು ಗೇಟಿನ ಸರಳು ಹಿಡಿದು ಸ್ವಲ್ಪ ಹೊತ್ತು ನಿಂತು ಹೊರಟುಹೋದ. ನಾನು ಊಟಕ್ಕೆ ಎದ್ದೆ.

ಐದನೇ ತಿಂಗಳ ಒಂದು ಗುರುವಾರ. ಗುಬ್ಬಿಯಮ್ಮ ಅಷ್ಟು ಹೊತ್ತಿಗೆ ತಿಳಿಯಾಗಿದ್ದಳು. ತನ್ನಷ್ಟಕ್ಕೆ ಮಾತಾಡುವುದು ನಿಂತಿತ್ತು, ಲಕ್ಷ್ಮಮ್ಮನ ಜೊತೆ ಸೊಪ್ಪು ಬಿಡಿಸುತ್ತಿದ್ದಳು. ಆದರೆ ಗಂಡನ ಮಾತು ಮಾತ್ರ ಬಿಟ್ಟಿರಲಿಲ್ಲ. ಬೇರೆಲ್ಲ ವಾಸಿಯಾಗಿ ಇದೊಂದು ಯಾಕೆ ಉಳಿಯಿತು ಎಂದು ಡಾಕ್ಟರಿಗೆ ಅನುಮಾನ ಬಂತು. ಫೈಲು ಮುಚ್ಚಿ ಪಕ್ಕಕ್ಕಿಟ್ಟು, ನಾವು ಯಾರೂ ಕೇಳದೇ ಇದ್ದ ಪ್ರಶ್ನೆ ಕೇಳಿದರು.

"ನಿಮ್ಮ ಯಜಮಾನರು ತೀರಿಕೊಂಡದ್ದು ನಿಮಗೆ ಹೇಗೆ ಗೊತ್ತಾಯ್ತಮ್ಮ?"

ಅವಳು ನನ್ನ ಕಡೆ ಕೈ ತೋರಿಸಿದಳು.

"ಇವರೇ ಅಲ್ವ್ರಾ ನನ್ ಬಳೆ ಒಡ್ಸಿದ್ದು. ಬಳೆ ಒಡ್ದು, ಕರಿಮಣಿ ಕಿತ್ತು, ಕಾಲುಂಗ್ರ ತೆಗ್ಸಿ, ತಲೆ ಮೇಲೆ ನೀರು ಹುಯ್ದ್ರು. ಇನ್ನೇನು ಬಾಯ್ಬುಟ್ಟು ಬೇರೆ ಹೇಳ್ಬೇಕಾ? ಸುದ್ದಿ ಇವರಿಗೆ ಬಂದಿರ್ತದೆ. ಎಂಗೆ ಸತ್ರು ಅಂತ ಕೇಳುದ್ರೆ ಮಾತ್ರ ಹೇಳಲ್ಲ."

ಡಾಕ್ಟರು ನನ್ನನ್ನು ನೋಡಲಿಲ್ಲ. ನೋಡಿದ್ದರೆ ವಾಸಿಯಿತ್ತು. ಲಕ್ಷ್ಮಮ್ಮ ಬಾಗಿಲಲ್ಲಿ ನಿಂತು ಸೆರಗಿನಿಂದ ಕಣ್ಣು ಒರೆಸಿಕೊಂಡಳು. ನಮ್ಮೂರಿನ ಯಾವ ಹೆಂಗಸಿಗೆ ಅದೆಲ್ಲ ಮಾಡಿದ್ದರೂ ಹಾಗೇ ತಿಳಿಯುತ್ತಿದ್ದಳು. ನನ್ನ ತಾಯಿಗೆ ಮಾಡಿದ್ದರೆ ಅವರೂ ತಿಳಿಯುತ್ತಿದ್ದರು. ನನ್ನ ತಂದೆ ತೀರಿಕೊಂಡು ಅವರಿಗೆ ಅದನ್ನು ಮಾಡಿದ ದಿನ ನಾನು ಹತ್ತು ವರ್ಷದವನು, ಪಕ್ಕದಲ್ಲೇ ನಿಂತು ನೋಡಿದ್ದೆ. ನೋಡಿದ್ದವನಿಗೇ ತಿಳಿಯಲಿಲ್ಲ ಎಂದರೆ ಈ ಕೆಲಸ ಮನುಷ್ಯನನ್ನು ಎಷ್ಟು ಕುರುಡು ಮಾಡುತ್ತದೆ ನೋಡಿ.

ಅವತ್ತೇ ಗೇಟಿನಲ್ಲಿ ನಿಂತಿದ್ದ ಮನುಷ್ಯ ನೆನಪಾದ. ಹೆಸರು ಜಯಮ್ಮನಾ ಎಂದು ಅವಳನ್ನು ಕೇಳಿದೆ. ತಿರುಗಿ ನೋಡಿದಳು. ನಿಮ್ಮ ಯಜಮಾನರು ಸತ್ತಿಲ್ಲ, ಬಳೆ ತೆಗೆಸಿದ್ದು ಇಲ್ಲಿಯ ರೂಲ್ಸು ಎಂದು ಕೈ ಮುಗಿದು ಹೇಳಿದೆ. ನಂಬಲಿಲ್ಲ. ಇಷ್ಟು ದಿನ ಸತ್ತಿದ್ದವರು ಇವತ್ತು ಹೇಗೆ ಎದ್ದು ಬಂದರು ಎಂದಳು. ನಂಬುವ ಹಾಗೆ ನಾನು ಏನನ್ನು ತಾನೇ ಉಳಿಸಿದ್ದೆ?

ಸಂಜೆ ಡಾಕ್ಟರಿಗೆ ಗೇಟಿನ ಸಂಗತಿಯನ್ನೂ ಹೇಳಿದೆ. ಅವರು ಬಯ್ಯಲಿಲ್ಲ. ಮೊದಲು ಅವನನ್ನು ಹುಡುಕಿ, ಈ ವಿಷಯ ಅವರಿಬ್ಬರಿಗೂ ಹೇಳಬೇಕಾದವರು ನೀವೇ, ಯಾವಾಗ ಎನ್ನುವುದು ನಿಮಗೆ ಬಿಟ್ಟದ್ದು ಎಂದರು. ನಾನು ಮೊದಲನೆಯದನ್ನು ಮಾಡಿದೆ, ಎರಡನೆಯದನ್ನು ಮುಂದಕ್ಕೆ ಹಾಕಿದೆ.

ಜಯಮ್ಮ ಊರು ಹೇಳಿದಳು, ಕುಣಿಗಲ್ ತಾಲ್ಲೂಕಿನ ಕೊತ್ತಗೆರೆಯ ಪಕ್ಕದ ಹಳ್ಳಿ. ಹೋದರೆ ಮನೆಗೆ ಬೀಗ. ಗಂಡ ರಂಗಪ್ಪ ಗಾರೆ ಕೆಲಸ ಬಿಟ್ಟು ಕುಣಿಗಲ್ಲಿನಲ್ಲಿ ಬಿದ್ದಿರುತ್ತಾನೆ ಎಂದು ಅಕ್ಕಪಕ್ಕದವರು ಅಂದರು. ನಡೆದದ್ದನ್ನೂ ಅವರೇ ಹೇಳಿದರು. ಹೆಂಡತಿಯನ್ನು ಡಾಕ್ಟರಿಗೆ ತೋರಿಸಲೆಂದು ಕರೆದುಕೊಂಡು ಹೊರಟವನು ಕುಣಿಗಲ್ ಬಸ್ ಸ್ಟ್ಯಾಂಡಿನಲ್ಲಿ ಅವಳನ್ನು ಕೂರಿಸಿ, ಒಂದೇ ಒಂದು ಪ್ಯಾಕೆಟ್ ಎಂದು ಸಾರಾಯಿ ಅಂಗಡಿಗೆ ಹೋಗಿದ್ದ. ಬರುವಷ್ಟರಲ್ಲಿ ಅವಳು ಯಾವುದೋ ಬಸ್ಸು ಹತ್ತಿದ್ದಳು. ತುಮಕೂರಿನವರು ಇಲ್ಲ ಎಂದರು ಅಂತ ಬಂದು ಹೇಳಿದವನು ಆ ಮೇಲೆ ಊರಿನ ಕಡೆ ತಲೆ ಹಾಕಲಿಲ್ಲ ಎಂದರು. ತುಮಕೂರಿನವರು ಯಾರು ಎಂದು ಅವರು ಕೇಳಲಿಲ್ಲ, ನಾನೂ ಬಾಯಿ ಬಿಡಲಿಲ್ಲ.

ಕುಣಿಗಲ್ ಬಸ್ ಸ್ಟ್ಯಾಂಡಿಗೆ ಮೂರು ಸಲ ಹೋದ ಮೇಲೆ ಸಿಕ್ಕಿದ. ಹೆಂಡತಿ ಎಲ್ಲಿಂದ ಕಾಣೆಯಾದಳೋ ಅದೇ ಕಲ್ಲಿನ ಬೆಂಚಿನ ಕೆಳಗೆ ಮಲಗಿದ್ದ. ಕುಡಿದು ಬಿದ್ದು ಸೊಂಟದ ಮೂಳೆ ಮುರಿದು, ಯಾರೂ ಕಟ್ಟಿಸದೆ ತನಗೆ ತಾನೇ ಸೊಟ್ಟಗೆ ಕೂಡಿಕೊಂಡಿತ್ತು. ಗಾರೆಯವರು ನಿಂತು ಕೆಲಸ ಮಾಡುವ ಸಾರುವೆಯನ್ನು ಅವನಿಂದ ಮುಂದೆ ಯಾವತ್ತೂ ಹತ್ತಲಾಗಲಿಲ್ಲ. ಬಿದ್ದದ್ದು ಯಾವಾಗ ಎಂದು ಕೇಳಿದೆ. ತುಮಕೂರಿಂದ ಬಂದ ಮೇಲೆ ಎಂದ. ನನ್ನ ಮುಖವಾಗಲಿ, ತುಮಕೂರಿನಲ್ಲಿ ಯಾವ ಗೇಟಿನಲ್ಲಿ ನಿಂತು ಕೇಳಿದ್ದ ಎಂಬುದಾಗಲಿ ಅವನಿಗೆ ನೆನಪಿರಲಿಲ್ಲ.

ಗಂಡಸರ ವಾರ್ಡಿಗೆ ಸೇರಿಸಿದೆವು. ಕುಡಿತ ನಿಲ್ಲಿಸಿದ ಎರಡನೇ ದಿನದಿಂದ ನಡುಕ, ಬೆವರು. ಗೋಡೆ ತುಂಬ ಇರುವೆ ಹರಿಯುತ್ತಿವೆ ಎಂದು ಕೈಯಲ್ಲಿ ಒರೆಸುತ್ತಿದ್ದ. ಎಂಟು ದಿನಕ್ಕೆ ಸಮಾಧಾನವಾಯಿತು. ಹೆಂಡತಿ ಇಪ್ಪತ್ತು ಹೆಜ್ಜೆ ದೂರದಲ್ಲಿ, ಗೋಡೆಯ ಆ ಕಡೆ ಇದ್ದಾಳೆ ಎಂದು ಹೇಳಿದಾಗ ಮುಖ ಮುಚ್ಚಿಕೊಂಡು ಅತ್ತ. ಈ ಸ್ಥಿತಿಯಲ್ಲಿ ಅವಳ ಮುಂದೆ ಹೋಗುವುದಿಲ್ಲ, ಒಂದು ತಿಂಗಳು ಕೊಡಿ ಎಂದ. ಇಪ್ಪತ್ತನೇ ದಿನ ಗೇಟು ದಾಟಿ ಹೋಗಿ ಕುಡಿದು ಬಂದ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಎನ್ನುತ್ತಾರಲ್ಲ, ಅದು ಗಾದೆಯಲ್ಲ, ನಮ್ಮ ವಾರ್ಡಿನ ದಿನಚರಿ. ಹೊಸಬರು ಇಂಥ ದಿನ ಮನೆಗೆ ಹೋಗಿ ಊಟ ಮಾಡದೆ ಮಲಗುತ್ತಾರೆ. ಊಟ ಮಾಡಿ ಮಲಗಿ. ಮಾರನೇ ದಿನ ಮತ್ತೆ ಒಂದರಿಂದ ಎಣಿಸಬೇಕು.

ಈ ಸಲ ನಾನು ಅವನನ್ನು ಗೇಟಿನಿಂದ ಆಚೆ ಕಳಿಸಲಿಲ್ಲ. ಒಳಗೆ ಕರೆದುಕೊಂಡೆ, ಮುಖ ತೊಳೆಸಿದೆ. ಮತ್ತೆ ಒಂದರಿಂದ ಎಣಿಸಿದೆವು. ಮೂವತ್ತು ದಾಟಿದ ಮೇಲೆ ಒಂದು ಬೆಳಿಗ್ಗೆ ಲಕ್ಷ್ಮಮ್ಮ ಜಯಮ್ಮನನ್ನು ಅಂಗಳಕ್ಕೆ ಕರೆತಂದಳು. ರಂಗಪ್ಪ ಕೋಲು ಊರಿಕೊಂಡು ನಿಂತಿದ್ದ. ಅವಳು ಹತ್ತು ಮಾರು ದೂರದಲ್ಲೇ ನಿಂತುಬಿಟ್ಟಳು. ಆಮೇಲೆ ನೆಲದ ಮೇಲೆ ಕೂತಳು. ಅವನೂ ಕಷ್ಟಪಟ್ಟು ಕೂತ. ಅವಳೇ ಮೊದಲು ಬಾಯಿ ಬಿಟ್ಟಳು.

"ಕುತ್ಕಂಡಿರು, ಬಂದೆ ಅಂದ್ಯಲ್ಲ."

ಲಕ್ಷ್ಮಮ್ಮ ನನ್ನ ತೋಳು ಹಿಡಿದು ಅಲ್ಲಿಂದ ಎಳೆದುಕೊಂಡು ಹೋದಳು. ಅಷ್ಟು ಹೊತ್ತಿಗೆ ಅವಳ ಮಾತು ಕೇಳುವ ಬುದ್ಧಿ ನನಗೆ ಬಂದಿತ್ತು.

ಊರಿಗೆ ಹೋಗಲು ಇಬ್ಬರಿಗೂ ಮನಸ್ಸಿರಲಿಲ್ಲ. ಗುಬ್ಬಿಯಲ್ಲಿ ಒಂದು ಕೋಣೆ ಹಿಡಿದರು. ಅವನು ಕೂತು ಮಾಡುವ ಹಗ್ಗ ಹೊಸೆಯುವ ಕೆಲಸ ಕಲಿತ, ಅವಳು ತೆಂಗಿನ ನಾರಿನ ಮಿಲ್ಲಿಗೆ ಸೇರಿದಳು. ಬೆಳಿಗ್ಗೆ ಅವನ ಮಾತ್ರೆಯನ್ನು ಅವಳು ಕೊಡುವುದು, ಅವಳದನ್ನು ಅವನು ಕೊಡುವುದು ಎಂದು ಅವರೇ ಪದ್ಧತಿ ಮಾಡಿಕೊಂಡರು. ಅದನ್ನು ನೋಡಿ ನಾವು ಬೇರೆ ಮನೆಗಳಿಗೂ ಹೇಳಿಕೊಟ್ಟೆವು. ಜಗಳವಾದ ದಿನ ಏನು ಮಾಡುತ್ತೀರಿ ಎಂದು ಕೇಳಿದ್ದೆ. ಮಾತ್ರೆ ಕೊಟ್ಟು ಆಮೇಲೆ ಜಗಳ ಆಡುತ್ತೇವೆ ಎಂದಿದ್ದ ರಂಗಪ್ಪ. ಎರಡು ಸಲ ಅವನು ಜಾರಿದ, ಒಂದು ಸಲ ಅವಳು ಮಾತ್ರೆ ಬಿಟ್ಟು ವಾರ್ಡಿಗೆ ಬಂದಳು. ಎರಡೂ ಸಲ ಅವಳೇ ಅವನನ್ನು ಕರೆತಂದಳು, ಅವಳನ್ನು ಅವನು ಕರೆತಂದ.

ನಮ್ಮ ನಿಯಮ ಬದಲಾಯಿತು. ಬಳೆ, ಕರಿಮಣಿ ತೆಗೆಯುವ ಮೊದಲು ಯಾಕೆ ಎಂದು ಕೂರಿಸಿ ಹೇಳುವುದು, ಗಾಜಿನದರ ಬದಲು ಪ್ಲಾಸ್ಟಿಕ್ ಬಳೆ ತೊಡಿಸುವುದು, ತೆಗೆದದ್ದನ್ನು ಅವರ ಕಣ್ಣ ಮುಂದೆಯೇ ಕಟ್ಟಿಡುವುದು. ಇದನ್ನು ಬರೆದವರು ಡಾಕ್ಟರು, ಹೇಳಿಕೊಟ್ಟವಳು ಲಕ್ಷ್ಮಮ್ಮ. ಸಭೆಗಳಲ್ಲಿ ಇದನ್ನು ನಮ್ಮ ಸುಧಾರಣೆ ಎಂದು ಹೊಗಳುವಾಗ ನಾನು ಬಾಯಿ ಮುಚ್ಚಿಕೊಂಡು ಕೂತಿರುತ್ತಿದ್ದೆ.

ಗೇಟಿನ ವಿಷಯ ಮಾತ್ರ ಹೇಳಲೇ ಇಲ್ಲ. ತಿಂಗಳಿಗೊಮ್ಮೆ ಗುಬ್ಬಿಯಲ್ಲಿ ಒಂದು ಛತ್ರದ ಜಗಲಿಯ ಮೇಲೆ ನಮ್ಮ ಕ್ಲಿನಿಕ್ ನಡೆಯುತ್ತಿತ್ತು. ಜಯಮ್ಮ ತಪ್ಪದೆ ಬರುತ್ತಿದ್ದಳು. ಪ್ರತಿ ಸಲ ಇವತ್ತು ಹೇಳಿಬಿಡುತ್ತೇನೆ ಎಂದುಕೊಂಡು ಹೋಗಿ, ಮುಂದಿನ ತಿಂಗಳು ಎಂದುಕೊಂಡು ಬರುತ್ತಿದ್ದೆ. ಪ್ಯಾಕೆಟ್ ಸಾರಾಯಿ ನಿಂತಿತು, ಎಲ್ಲರ ಕೈಗೂ ಮೊಬೈಲ್ ಬಂತು, ಲಕ್ಷ್ಮಮ್ಮ ತೀರಿಕೊಂಡಳು. ನನ್ನ ನಿವೃತ್ತಿಗೆ ಎರಡು ತಿಂಗಳು ಉಳಿದಿತ್ತು. ರಂಗಪ್ಪ ಕುಂಟುತ್ತ ಬಂದು ಹೆಂಡತಿಯನ್ನು ಜಗಲಿಯ ಮೇಲೆ ಬಿಟ್ಟು ಹಗ್ಗದ ಅಂಗಡಿಗೆ ಹೋದ. ಅವನ ಆ ನಡಿಗೆಯನ್ನು ಇನ್ನೊಂದು ತಿಂಗಳು ಸುಮ್ಮನೆ ನೋಡಲು ನನ್ನಿಂದ ಆಗಲಿಲ್ಲ.

ಹೇಳಿದೆ. ನಿಮ್ಮ ಯಜಮಾನರು ಎರಡೇ ತಿಂಗಳಿಗೆ ಹುಡುಕಿಕೊಂಡು ಬಂದಿದ್ದರು, ಬಳೆಯ ಗುರುತನ್ನೂ ಹೇಳಿದರು, ನಾನೇ ಗೇಟಿನಿಂದ ಕಳಿಸಿದೆ, ಆ ಮೇಲೆಯೇ ಅವರ ಸೊಂಟ ಮುರಿದದ್ದು ಎಂದೆ. ಫೈಲು ತೆರೆದು ನನ್ನ ಸಾಲನ್ನೂ ಓದಿದೆ. ಅವಳು ಬ್ಯಾಗನ್ನು ತೊಡೆಯ ಮೇಲಿಟ್ಟುಕೊಂಡು ಕೇಳಿದಳು. ಅಳಲಿಲ್ಲ, ಕೂಗಲಿಲ್ಲ.

"ಭ್ರಮೆ ಅಂದ್ರೆ ಏನ್ ಸಾರ್?" ಎಂದಳು.

ಇಲ್ಲದ್ದನ್ನು ಇದೆ ಎಂದು ಗಟ್ಟಿಯಾಗಿ ನಂಬುವುದು, ನಿಜ ಕಣ್ಣ ಮುಂದೆ ಬಂದು ನಿಂತರೂ ಬಿಡದೇ ಇರುವುದು ಎಂದೆ. ಹೊಸಬರಿಗೆ ಪಾಠ ಮಾಡುವಾಗ ಹೇಳುತ್ತಿದ್ದ ಮಾತು, ಬಾಯಿಗೆ ತಾನಾಗಿ ಬಂತು.

ಅವಳು ಅಂಗಡಿಯ ಕಡೆ, ಗಂಡ ಹೋದ ದಾರಿಯನ್ನು ನೋಡಿದಳು.

"ಅವ್ರು ಬಂದು ಗೇಟಲ್ಲಿ ನಿಂತ್ರೂ ನೀವು ಸತ್ತವ್ರೆ ಅಂದ್ರಲ್ಲ. ಹಂಗಾದ್ರೆ ಆ ಕಾಯ್ಲೆ ನಿಮ್ಗಿತ್ತು. ನಂಗಲ್ಲ."

ಹೌದು ಎಂದೆ. ಅವಳು ತಲೆಯಾಡಿಸಿದಳು. ಅವರಿಗೆ ನಾನೇ ಹೇಳ್ತೀನಿ, ನೀವು ಹೇಳ್ಬೇಡಿ, ಕೇಳಿ ಮತ್ತೆ ಕುಡಿಯಕ್ಕೆ ಹೋದಾರು, ಇವತ್ತು ಒಂದಿನ ಅವರನ್ನ ಒಬ್ಬರನ್ನೇ ಬಿಡಬಾರದು ಎಂದಳು. ತಿಂಗಳ ಮಾತ್ರೆ ತೆಗೆದುಕೊಂಡು, ಎಣಿಸಿ ಬ್ಯಾಗಿಗೆ ಹಾಕಿಕೊಂಡು, ಹಗ್ಗದ ಅಂಗಡಿಯ ಕಡೆಗೆ ಬೇಗ ಬೇಗ ನಡೆದಳು.